ವಸ್ತಾದರ ಸರಪಳಿ

ನನ್ನನ್ನು ಹೆತ್ತ ಅಪ್ಪ ನನ್ನ ಮೇಲೆ ಒಂದು ಸಲವೂ ಕೈಯೆತ್ತಲಿಲ್ಲ. ಆ ಕೊರತೆಯನ್ನೆಲ್ಲ ತುಂಬಿಕೊಟ್ಟ ಮನುಷ್ಯ ಹೋದ ತಿಂಗಳು ಖಾನಾಪುರದಲ್ಲಿ ತೀರಿಕೊಂಡರು. ಫೋನು ಬಂದಾಗ ನಾನು ಟಿಳಕವಾಡಿಯ ನಮ್ಮ ಪುಸ್ತಕದ ಅಂಗಡಿಯಲ್ಲಿ ಶಾಲೆ ಮಕ್ಕಳ ನೋಟ್‌ಬುಕ್ಕಿಗೆ ರಟ್ಟು ಹಾಕುತ್ತಿದ್ದೆ. ಹಾಗೇ ಸ್ಟೂಲಿನ ಮೇಲೆ ಕೂತು ಅಳತೊಡಗಿದೆ. ಹೆಂಡತಿ ಗಾಬರಿಯಾಗಿ, "ಯಾರ್ರೀ ಹೋದವರು?" ಅಂದಳು.

"ನನ್ನ ಬಡದವರು," ಅಂದೆ.

"ಬಡದವರು ಹೋದ್ರ ಅಳತಾರೇನ್ರೀ ಯಾರರೆ?"

ಅವಳಿಗೆ ಉತ್ತರವನ್ನು ಬರೆದಾದರೂ ಹೇಳೋಣವೆಂದು ಈಗ ಕೂತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಖಾನಾಪುರದಲ್ಲಿ ಅವರ ಹೆಸರು ಹಿಡಿದು ಕರೆಯುವ ಧೈರ್ಯ ಇದ್ದದ್ದು ಅವರ ತಾಯಿಗೆ ಒಬ್ಬಳಿಗೇ. ಉಳಿದವರಿಗೆಲ್ಲ ಅವರು ವಸ್ತಾದರು. ನಮ್ಮ ಕಡೆ ತಾಲೀಮಿನಲ್ಲಿ, ಅಂದರೆ ಗರಡಿಯಲ್ಲಿ, ಕುಸ್ತಿ ಕಲಿಸುವ ಗುರುವಿಗೆ ಹಾಗೆನ್ನುತ್ತಾರೆ.

ಮಲಪ್ರಭೆಗೆ ಇಳಿಯುವ ದಾರಿಯಲ್ಲಿ ಅವರದೊಂದು ಹಿಟ್ಟಿನ ಗಿರಣಿ. ಗಿರಣಿಯ ಹಿಂದೆ ಕೆಂಪು ಮಣ್ಣಿನ ತಾಲೀಮು. ಎತ್ತರ ಸಾಧಾರಣ, ಅಗಲ ಮಾತ್ರ ಬಾಗಿಲಿನಷ್ಟು. ಹೊಡೆಯುವ ಮೊದಲು ಎಡಗಿವಿ ಕೆರೆದುಕೊಳ್ಳುವುದು ಅವರ ಅಭ್ಯಾಸ. ಕಿವಿಗೆ ಕೈ ಹೋಯಿತೆಂದರೆ ಮುಂದೆ ನಿಂತವನು ಕಣ್ಣು ಮುಚ್ಚಿಕೊಳ್ಳಬೇಕು. ಗಿರಣಿಯಿಂದ ನೇರ ಬಂದ ದಿನ ಅಂಗೈ ತುಂಬ ಜೋಳದ ಹಿಟ್ಟಿರುತ್ತಿತ್ತು. ಕೆನ್ನೆಗೆ ಬಿಟ್ಟರೆ ಐದೂ ಬೆರಳು ಬೆಳ್ಳಗೆ ಮೂಡುತ್ತಿದ್ದವು. ಆ ಗುರುತು ಹೊತ್ತುಕೊಂಡು ನಾನು ಎಷ್ಟೋ ಸಲ ಖಾನಾಪುರದಿಂದ ಬೆಳಗಾವಿಗೆ ರೈಲಿನಲ್ಲಿ ಬಂದಿದ್ದೇನೆ. ಒಮ್ಮೆ ಎದುರಿಗೆ ಕೂತ ಅಜ್ಜಿಯೊಬ್ಬಳು ಸೆರಗಿನಿಂದ ಒರೆಸಿ, "ವಸ್ತಾದನ ಗಿರಣಿಗೆ ಹೋಗಿದ್ದೇನೋ ಯಪ್ಪಾ?" ಅಂದಳು.

ಇಂಥ ಮನುಷ್ಯನಿಗೆ ರಾಕ್ ಸಂಗೀತದ ಹುಚ್ಚು! ಕಚ್ಚೆ ಪಂಚೆ, ಅದರ ಮೇಲೆ ತಲೆಬುರುಡೆಯ ಚಿತ್ರವಿದ್ದ ಕರೀ ಟಿ-ಶರ್ಟು, ಹಣೆಗೆ ಭಂಡಾರದ ಅರಿಸಿನ. ಗಿರಣಿಯಲ್ಲಿ ಬೆಳಗಿನಿಂದ ಸಂಜೆತನಕ ಎರಡು ದೊಡ್ಡ ಸ್ಪೀಕರು ಹಚ್ಚಿ ಇಡುತ್ತಿದ್ದರು. ಬೀಸಿಸಲು ಬಂದ ಹೆಂಗಸರು ಕಿವಿಗೆ ಸೆರಗು ಮುಚ್ಚಿಕೊಂಡು ಪಾಳಿ ಹಚ್ಚುತ್ತಿದ್ದರು. ಈ ಹುಚ್ಚು ಹೇಗೆ ಹಿಡಿಯಿತೆಂದು ನಾನೊಮ್ಮೆ ಕೇಳಿದೆ.

"ಇಪ್ಪತ್ತ ವರ್ಷ ಆತು ಈ ಗಿರಣಿ ಸಪ್ಪಳದಾಗ. ಭಜನಿ ಹಚ್ಚಿದ್ರ ಕೇಳಂಗಿಲ್ಲ, ನಾಟ್ಯಗೀತ ಹಚ್ಚಿದ್ರ ಕೇಳಂಗಿಲ್ಲ. ಗಿರಣಿ ಸೊಕ್ಕ ಮುರಿಯೂದು ಇದೊಂದ ನೋಡು," ಅಂದರು. ಹಾಡಿನ ಒಂದು ಮಾತೂ ಅವರಿಗೆ ಅರ್ಥವಾಗುತ್ತಿರಲಿಲ್ಲ. ಡ್ರಮ್ಮು ಎಲ್ಲಿ ಬೀಳಬೇಕೋ ಅಲ್ಲಿ ಒಂದು ಕ್ಷಣ ತಡವಾದರೆ ಮಾತ್ರ ಗೊತ್ತಾಗುತ್ತಿತ್ತು. "ಹುಚ್ಚಪ್ಯಾಲಿ, ಡಾವ್ ತಪ್ಪಿದ," ಎಂದು ಕುಸ್ತಿಯ ಪಟ್ಟು ತಪ್ಪಿದವನಿಗೆ ಬೈದಂತೆ ಸ್ಪೀಕರಿಗೇ ಬೈಯುತ್ತಿದ್ದರು. ಸಿಟ್ಟು ಬಂದರೆ ಮರಾಠಿ ಬೈಗುಳ, ತೀರಾ ಸಿಟ್ಟು ಬಂದರೆ ಕನ್ನಡದ್ದು. ಅವರ ಬಾಯಿಂದ ಕನ್ನಡದ ಬೈಗುಳ ಬಂದರೆ ತಾಲೀಮಿನಲ್ಲಿ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ಕಾಲೇಜಿನ ದಿನಗಳಲ್ಲಿ, ನೆಲದ ಮೇಲೆ ಬಿದ್ದುಕೊಂಡಿದ್ದಾಗ. ನಾನಾಗ ಕಾಲೇಜಿನ ಬ್ಯಾಂಡಿನಲ್ಲಿ ಗಿಟಾರು ಬಾರಿಸುತ್ತಿದ್ದೆ. ಬೆಳಗಾವಿಯ ಒಂದು ಮೈದಾನದಲ್ಲಿ ಯಾವುದೋ ದೊಡ್ಡ ಬ್ಯಾಂಡಿನ ಕಾರ್ಯಕ್ರಮ. ಮುಂದೆ ನುಗ್ಗುವಾಗ ಕಾಲು ತಪ್ಪಿ ಬಿದ್ದೆ. ಬೆನ್ನ ಮೇಲೆ ಒಂದು ಬೂಟು, ಕುತ್ತಿಗೆಯ ಮೇಲೆ ಇನ್ನೊಂದು. ಬಾಯಿಗೆ ಮಣ್ಣು ಹೋಯಿತು. ಇನ್ನು ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಯಾರೋ ನನ್ನ ಕೂದಲು ಹಿಡಿದು ಎಳೆದು ನಿಲ್ಲಿಸಿದರು. ನಿಂತೆನೋ ಇಲ್ಲವೋ, ಕೆನ್ನೆಗೆ ಫಟ್ಟಂತ ಬಿತ್ತು.

"ಯಾಕ್ರೀ ಹೊಡದ್ರಿ?"

"ಬಿದ್ದದ್ದಕ್ಕ."

"ಕೂದಲಾ ಯಾಕ ಹಿಡದ್ರಿ? ಅಂಗಿ ಹಿಡೀಬಾರದೇನು?"

"ಅಂಗಿ ಹಿಡದಿದ್ರ ಅಂಗಿ ಅಷ್ಟ ಬರತಿತ್ತೋ ಮಂಗ್ಯಾನ ಮಗನ. ಏನ ನಿನ್ನ ಹೆಸರು?"

"ಮಹಾವೀರ."

ಅವರು ನನ್ನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ಹೆಸರ ಮಹಾವೀರ, ತೋಳ ನೋಡಿದ್ರ ನುಗ್ಗಿಕಾಯಿ. ಆಯಿತ್ವಾರ ಖಾನಾಪುರಕ್ಕ ಬಾ."

ಯಾಕೆ ಹೋದೆನೋ ಇವತ್ತಿಗೂ ಗೊತ್ತಿಲ್ಲ. ನಮ್ಮದು ಇರುವೆ ತುಳಿದರೂ ಕೈಮುಗಿಯುವ ಮನೆತನ. ಅವ್ವ ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ, ಆಮೇಲೆ ನೀರನ್ನೂ ಮುಟ್ಟದವಳು. ಅಂಥ ಮನೆಯ ಹುಡುಗ ಭಾನುವಾರಕ್ಕೊಮ್ಮೆ ಖಾನಾಪುರಕ್ಕೆ ಹೋಗಿ ಮೈ ತುಂಬ ಪೆಟ್ಟು ತಿಂದು ಬರತೊಡಗಿದ. ಒಬ್ಬನೇ ಅಲ್ಲ. ಬೆಳಗಾವಿ, ಖಾನಾಪುರ ಸೇರಿ ಇಪ್ಪತ್ತೆರಡು ಜನ ಆದೆವು. ಎಲ್ಲರೂ ರಾಕ್ ಹುಚ್ಚರೇ. ಕುಸ್ತಿ ಒಬ್ಬನಿಗೂ ಬೇಕಿರಲಿಲ್ಲ. ಗದ್ದಲದಲ್ಲಿ ನಿಲ್ಲುವುದು ಹೇಗೆ ಎಂಬುದನ್ನು ವಸ್ತಾದರು ಕಲಿಸುತ್ತಿದ್ದರು. ಒಂದು ಕಾಲು ಮುಂದೆ, ಒಂದು ಹಿಂದೆ. ಮೊಣಕೈ ಎದೆಯ ಮುಂದೆ, ಉಸಿರಿಗೆ ಜಾಗ ಇರಬೇಕು. ಬೂಟಿನ ಲೇಸು ಒಳಗೆ ತುರುಕಬೇಕು. ಬಂಗಾರ ಬಿದ್ದರೂ ಬಗ್ಗಬಾರದು. ಹೀಗೆ ನಿಲ್ಲಿಸಿ ಹಿಂದಿನಿಂದ ತಾಲೀಮಿನ ಪೈಲ್ವಾನರನ್ನು ನಮ್ಮ ಮೇಲೆ ನುಗ್ಗಿಸುತ್ತಿದ್ದರು. ಬಿದ್ದವನಿಗೆ ಏಳುವ ಮೊದಲೇ ಒದೆ.

ನನ್ನ ಅವ್ವ ಒಮ್ಮೆ ಅವರನ್ನು ಎದುರಿಗೇ ಕೇಳಿದಳು. ಟಿಳಕವಾಡಿಯ ನಮ್ಮ ಮನೆ ಸ್ಟೇಷನ್ನಿಗೆ ಹತ್ತಿರ. ಖಾನಾಪುರದವರು ರೈಲಿಳಿದರೆ ಅವಲಕ್ಕಿ, ಚಹಾ ನಮ್ಮಲ್ಲೇ ಆಗುತ್ತಿತ್ತು.

"ನಮ್ಮ ಹುಡುಗನ್ನ ಹೊಡೀತೀರಂತಲ್ರೀ?"

"ಹೌದ್ರೀ ಅವ್ವಾರ."

"ಯಾಕ್ರೀ ಮತ್ತ?"

"ನೀವ ಹೊಡೀಲಿಲ್ಲಲ್ರೀ."

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕುಬಿಟ್ಟಳು. ಆ ದಿನದಿಂದ ಅವರಿಗೆ ಅವಲಕ್ಕಿಯಲ್ಲಿ ಶೇಂಗಾ ಹೆಚ್ಚು. ಪೆಟ್ಟು ತಿನ್ನುವವನು ನಾನು, ಶೇಂಗಾ ತಿನ್ನುವವರು ಅವರು, ನ್ಯಾಯವೇ?

ಅವರ ಸಿಟ್ಟಿಗೊಂದು ಬೇರಿತ್ತು. ಅದನ್ನು ಅವರು ಒಂದೇ ಸಲ ಹೇಳಿದರು, ತಾಲೀಮಿನ ಮಣ್ಣಿಗೆ ಎಣ್ಣೆ, ಮಜ್ಜಿಗೆ ಹಾಕಿ ಕಲೆಸುತ್ತಿದ್ದಾಗ, ತಲೆ ಎತ್ತದೆ. ಹರೆಯದಲ್ಲಿ ತಮ್ಮನನ್ನು ಕರೆದುಕೊಂಡು ದೊಡ್ಡ ಕುಸ್ತಿ ನೋಡಲು ಹೋಗಿದ್ದರಂತೆ. ಜನ ನುಗ್ಗಿದರು. ತಮ್ಮನ ಕೈ ಇವರ ಕೈಯಲ್ಲಿತ್ತು. ಭುಜದ ಮೇಲೆ ಯಾರೋ ಬಿದ್ದರು, ನೋವಿಗೆ ಬೆರಳು ಸಡಿಲವಾಯಿತು.

"ಒಂದ ಗಳಿಗಿ ಕೈ ಬಿಟ್ಟೆ. ಮುಂದ ಕಂಡದ್ದು ಅವನ ಕಾಲಾಗಿನ ಚಪ್ಪಲ ಅಷ್ಟ," ಅಂದರು. ಮತ್ತೆ ಮಣ್ಣು ಕಲೆಸಿದರು. "ನನ್ನ ಕೂಡ ಬಂದವರು ಎಷ್ಟ ಮಂದಿ ಬಂದಿರತಾರ, ಅಷ್ಟೂ ಮಂದಿ ತಿರಗಿ ಮನಿಗೆ ಹೋಗಬೇಕು. ಅದ ನನ್ನ ಕುಸ್ತಿ."

ಆ ತಮ್ಮನ ಸಾವಿನ ದುಃಖ ನಮ್ಮ ಕೆನ್ನೆಯ ಮೇಲೆ ಬೀಳುತ್ತಿದೆ ಎಂದು ನನಗೆ ಆಗ ತಿಳಿಯಿತು. ತಿಳಿದರೆ ಉರಿ ಕಡಿಮೆಯಾಗುತ್ತದೆಯೇ?

ಹೀಗಿರುವಾಗ, ದೇಶಕ್ಕೆಲ್ಲ ಹೆಸರಾದ ರಾಕ್ ಬ್ಯಾಂಡೊಂದು ಬೆಳಗಾವಿಯ ಸ್ಟೇಡಿಯಮ್ಮಿಗೆ ಬರುವ ಸುದ್ದಿ ಬಂತು. ನಮ್ಮ ಊರಿಗೆ ಅಷ್ಟು ದೊಡ್ಡದು ಬಂದದ್ದೇ ಇಲ್ಲ. ನೆಲದ ಟಿಕೇಟಿಗೆ ಸೀಟು ನಂಬರಿಲ್ಲ. ಮೊದಲು ಒಳಗೆ ಹೋದವನು ವೇದಿಕೆಯ ಕಟಾಂಜನಕ್ಕೆ ಎದೆ ಹಚ್ಚಿ ನಿಲ್ಲಬಹುದು. ವಸ್ತಾದರಿಗೆ ಆ ಡ್ರಮ್ಮು ಬಾರಿಸುವವನ ಕೈ ಹತ್ತಿರದಿಂದ ನೋಡಬೇಕಿತ್ತು. ನಮಗೂ ಬೇಕಿತ್ತು. ಹಿಂದೊಮ್ಮೆ ಬೆಳಗಿನಿಂದ ಪಾಳಿ ನಿಂತು, ಗೇಟು ತೆರೆಯುವ ಹೊತ್ತಿಗೆ ಬಾಜುದಿಂದ ನುಗ್ಗಿದ ಪುಂಡರು ನಮ್ಮನ್ನು ಹಿಂದೆ ಹಾಕಿದ್ದರು. ಆ ಅವಮಾನ ಎಲ್ಲರ ಹೊಟ್ಟೆಯಲ್ಲಿ ಉರಿಯುತ್ತಿತ್ತು.

ಅದಕ್ಕೇ ಹುಟ್ಟಿದ್ದು ಸರಪಳಿ. ಒಬ್ಬರ ಹಿಂದೆ ಒಬ್ಬರು ನಿಲ್ಲುವುದು. ಹಿಂದಿನವನು ಮುಂದಿನವನ ಬೆಲ್ಟಿನೊಳಗೆ ನಾಲ್ಕೂ ಬೆರಳು ಹಾಕಿ ಮುಷ್ಟಿ ಬಿಗಿಯುವುದು. ಕುಸ್ತಿಯಲ್ಲಿ ಎದುರಾಳಿಯ ಲಂಗೋಟಿ ಹಿಡಿಯುವ ಹಿಡಿತ ಅದು. ಹಾಗೆ ಹಿಡಿದರೆ ನಡುವೆ ಒಬ್ಬ ನುಸುಳಲಾರ. ಒಂದು ತಿಂಗಳು ಪ್ರತಿ ಭಾನುವಾರ ಅದೊಂದೇ ತಾಲೀಮು. ವಸ್ತಾದರು ನಮ್ಮ ಮೇಲೆ ತಣ್ಣೀರು ಸುರಿದರು. ತೊಡೆ ಚಿವುಟಿದರು. "ಹಾವು!" ಎಂದು ಕೂಗಿದರು. ಬಿಟ್ಟವನಿಗೆ ಕೆನ್ನೆಗೆ ಬೀಳುತ್ತಿತ್ತು. ಕೊನೆಯ ಭಾನುವಾರ ಊಟದ ಹೊತ್ತಾದ ಮೇಲೆ ಮೆತ್ತಗೆ, "ಸಾಕು, ಬಿಡ್ರಿ ಇನ್ನ," ಅಂದರು. ಎಂಟು ಜನ ಬಿಟ್ಟೆವು. ಎಂಟು ಜನರಿಗೂ ಬಿತ್ತು. ನನಗೆ ಬಿದ್ದ ಏಟಿಗೆ ದವಡೆಯ ಹಲ್ಲು ಅಲುಗಾಡಿತು.

"ನೀವ ಬಿಡ್ರಿ ಅಂದ್ರಲ್ರೀ!" ಅಂದೆ ಅಳುತ್ತ.

"ನಾ ಅಂದ್ರೂ ಬಿಡಬ್ಯಾಡ್ರಿ. ಗದ್ದಲದಾಗ ಯಾರರೆ ನನ್ನ ಹಂಗ ಒದರಿದ್ರ? ಕಿವಿ ನಂಬಬ್ಯಾಡ್ರಿ, ಮುಷ್ಟಿ ನಂಬ್ರಿ. ಹೊಡದ್ರ ಇನ್ನಷ್ಟ ಬಿಗಿ ಹಿಡೀರಿ," ಅಂದರು. ಮತ್ತೆ ಸರಪಳಿ ಕಟ್ಟಿಸಿದರು. "ಬಿಡ್ರಿ" ಎಂದು ಕೂಗಿ ಹೊಡೆದರು. ಈ ಸಲ ಒಬ್ಬನೂ ಬಿಡಲಿಲ್ಲ. ಆಗ ಅವರು ಎಷ್ಟು ಖುಷಿಯಾದರೆಂದರೆ ಎಲ್ಲರನ್ನೂ ಗಿರಣಿಯಲ್ಲಿ ಕೂರಿಸಿ ಕುಂದಾ ತಿನ್ನಿಸಿದರು.

ನಮ್ಮ ಇಪ್ಪತ್ತೆರಡರಲ್ಲಿ ಒಬ್ಬಳೇ ಹುಡುಗಿ, ಶೋಭಾ. ಖಾನಾಪುರ ಪೇಟೆಯ ಬಟ್ಟೆ ಅಂಗಡಿಯವರ ಮಗಳು. ಗಿಡ್ಡ ಆಳು, ಗಟ್ಟಿ ಗಂಟಲು. ಅವಳ ಅಪ್ಪ ವಿಭೂತಿ ಧರಿಸಿ ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ಯಾರಿಗೂ ಏರು ದನಿಯಲ್ಲಿ ಮಾತಾಡದ ಮನುಷ್ಯ. ಮಗಳನ್ನು ಅಂಥ ಗದ್ದಲಕ್ಕೆ ಕಳಿಸಲು ಅವರು ಸುತಾರಾಂ ಒಪ್ಪಲಿಲ್ಲ. ವಸ್ತಾದರು ಅಂಗಡಿಗೆ ಹೋಗಿ ಕೈಮುಗಿದು ನಿಂತರು. ನಾನೂ ಜೊತೆಗಿದ್ದೆ.

"ಅಣ್ಣಾರ, ಹೆಂಗ ಒಯ್ತೀನೋ ಹಂಗ ತಂದ ಒಪ್ಪಸ್ತೀನಿ. ಒಂದ ಕೂದಲಾ ಕೊಂಕಿದ್ರ ನನ್ನ ಮೀಸಿ ಬೋಳಸ್ರಿ."

"ನಿಮ್ಮ ಮೀಸಿ ತಗೊಂಡ ನಾ ಏನ ಮಾಡಲ್ರೀ? ಇರಾಕಿ ಒಬ್ಬಾಕಿ ಮಗಳು," ಅಂದರು ಅವರು. ಸ್ವಲ್ಪ ಹೊತ್ತು ಅರಿವೆಯ ಥಾನು ಸುತ್ತಿದರು. ಆಮೇಲೆ, "ನಿಮ್ಮ ಮಾತಿನ ಮ್ಯಾಲ ಕಳಸ್ತೀನಿ," ಅಂದರು.

ಕಾರ್ಯಕ್ರಮದ ದಿನ ಬೆಳಗಿನ ಗಾಡಿಗೆ ಖಾನಾಪುರದವರು ಬಂದಿಳಿದರು. ಅವ್ವ ಎಲ್ಲರಿಗೂ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, ನನಗೆ ಮಾತ್ರ, "ಹೊತ್ತ ಮುಳುಗೂದ್ರಾಗ ಉಣ್ಣಪಾ," ಅಂದಳು. ಎಂಟು ಗಂಟೆಗೆ ನಾವು ಸ್ಟೇಡಿಯಮ್ಮಿನ ಗೇಟಿನ ಮುಂದೆ. ನಮಗಿಂತ ಮುಂದೆ ಯಾರೂ ಇಲ್ಲ! ಶೋಭಾಳನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದರು. "ಗಿಡ್ಡ ಇದ್ದಾಕಿ, ಹಿಂದ ಇದ್ರ ಉಸುರು ಸಿಗಂಗಿಲ್ಲ," ಎಂಬ ಲೆಕ್ಕ. ಅವಳ ಹಿಂದೆ ನಾನು. ನನ್ನ ಹಿಂದೆ ಇಪ್ಪತ್ತು ಜನ. ವಸ್ತಾದರು ಪಾಳಿಯೊಳಗೆ ನಿಲ್ಲಲಿಲ್ಲ, ಬಿದಿರು ಕಟ್ಟಿದ್ದ ಬೇಲಿಯ ಆಚೆ ಎಮ್ಮೆ ಕಾಯುವವರಂತೆ ಹಿಂದೆ ಮುಂದೆ ಅಡ್ಡಾಡುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಪಾಳಿಯ ಬಾಲ ಕಾಣಿಸದಾಯಿತು. ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಮೊದಲ ಹೊಡೆದಾಟ ನೀರಿನ ಬಾಟಲಿಗೆ ಆಯಿತು. ಎರಡನೆಯದು ನೆರಳಿಗೆ. ನಾಲ್ಕು ಜನ ಪುಂಡರು ಬೇಲಿ ಹಾರಿ ನಮ್ಮ ನಡುವೆ ತೂರಲು ಬಂದರು. ಅದರಲ್ಲೊಬ್ಬ ನಮ್ಮ ಹುಡುಗನ ಹೊಟ್ಟೆಗೆ ಗುದ್ದಿದ. ಸರಪಳಿ ಕಡಿಯಲಿಲ್ಲ. ವಸ್ತಾದರು ಎಡಗಿವಿ ಕೆರೆದುಕೊಂಡರು. ಆಮೇಲೆ ಆ ನಾಲ್ವರನ್ನು ಒಬ್ಬೊಬ್ಬರಾಗಿ ಎತ್ತಿ ಬೇಲಿಯಾಚೆ ಒಗೆದರು. ಒಬ್ಬನ ಮೂಗಿನಿಂದ ರಕ್ತ ಸುರಿಯಿತು. ನಾವು ಸಿಳ್ಳೆ ಹೊಡೆದೆವು. ನಾಚಿಕೆಯಿಂದ ಹೇಳುತ್ತೇನೆ, ಆ ರಕ್ತ ನೋಡಿ ನನಗೆ ಸಂತೋಷವಾಯಿತು. ಇರುವೆಗೆ ಕೈಮುಗಿಯುವ ಮನೆಯವನು ನಾನು!

ಮೂರಕ್ಕೆ ತೆರೆಯಬೇಕಾದ ಗೇಟು ನಾಲ್ಕಾದರೂ ತೆರೆಯಲಿಲ್ಲ. ಅವ್ವನ ಮಾತು ನೆನಪಾಗಿ ಬಲಗೈಯಲ್ಲಿ ಚಪಾತಿಯ ಸುರುಳಿ ಹಿಡಿದು ತಿನ್ನತೊಡಗಿದೆ. ಎಡಗೈ ಶೋಭಾಳ ಬೆಲ್ಟಿನಲ್ಲಿತ್ತು. ಆಗ ಒಳಗಿನಿಂದ ಧಡ್ ಧಡ್ ಎಂದು ಡ್ರಮ್ಮು ಕೇಳಿತು. ಮೈಕು ಪರೀಕ್ಷೆ ಮಾಡುತ್ತಿದ್ದರು, ಅಷ್ಟೇ. ಹಿಂದಿದ್ದವರಿಗೆ ಅದು ಹೇಗೆ ಗೊತ್ತಾಗಬೇಕು? "ಚಾಲೂ ಆತು! ಚಾಲೂ ಆತು!" ಎಂದು ಕೂಗೆದ್ದಿತು. ಇಡೀ ಪಾಳಿ ಮುಂದಕ್ಕೆ ಬಿತ್ತು.

ಚಪಾತಿ ಕೈಯಿಂದ ಹೋಯಿತು. ನನ್ನ ಕಾಲುಗಳು ನೆಲ ಬಿಟ್ಟವು. ಬಾಜುದ ಬೇಲಿ ಲಟಲಟನೆ ಮುರಿದು, ಅಲ್ಲಿಂದಲೂ ಜನ ಒಳಗೆ ಬೀಳತೊಡಗಿದರು. ಯಾರದೋ ಮೊಣಕೈ ನನ್ನ ಹುಬ್ಬು ಒಡೆಯಿತು. ನಾವು ಮಾತ್ರ ಕಲಿತದ್ದನ್ನು ಕಲಿತಂತೆ ಮಾಡಿದೆವು. ಇಪ್ಪತ್ತೊಂದು ಮುಷ್ಟಿ ಬಿಗಿಯಾದವು. "ಶಾಬ್ಬಾಸ್!" ಎಂದು ವಸ್ತಾದರು ಕೂಗಿದ್ದು ಕೇಳಿಸಿತು. ನಮ್ಮ ನಡುವೆ ಒಬ್ಬನೂ ನುಸುಳಲಿಲ್ಲ. ನಮ್ಮಲ್ಲಿ ಒಬ್ಬನೂ ಪಕ್ಕಕ್ಕೆ ಸರಿಯಲಿಲ್ಲ. ಹಿಂದಿನ ಸಾವಿರ ಜನರ ಭಾರವೆಲ್ಲ ನಮ್ಮ ಸರಪಳಿಯಲ್ಲಿ ಹಾದು, ಎಲ್ಲರಿಗಿಂತ ಮುಂದಿದ್ದ ಶೋಭಾಳನ್ನು ಮುಚ್ಚಿದ ಕಬ್ಬಿಣದ ಗೇಟಿಗೆ ಒತ್ತುತ್ತಿತ್ತು.

ಅವಳು ಮೊದಲು ಕೂಗಿದಳು. ಆಮೇಲೆ ಕೂಗಲಿಲ್ಲ. ಅವಳ ತಲೆ ಪಕ್ಕಕ್ಕೆ ಹೊರಳಿತು. ತುಟಿ ನೀಲಿಯಾಗುತ್ತಿದ್ದುದು ನನಗೆ ಒಂದು ಗೇಣಿನಿಂದ ಕಾಣುತ್ತಿತ್ತು.

ವಸ್ತಾದರು ಅದನ್ನು ಕಂಡರು. ಜನರ ಹೆಗಲು ತುಳಿದು ಗೇಟಿಗೆ ಹಾರಿ, ಅದರ ಅಡ್ಡಪಟ್ಟಿಯ ಮೇಲೆ ಕಾಲೂರಿ, ಬಗ್ಗಿ ಅವಳ ಕಂಕುಳಿಗೆ ಕೈ ಹಾಕಿ ಮೇಲೆತ್ತಿದರು. ಅವಳು ಏಳಲಿಲ್ಲ. ನನ್ನ ಎಡಗೈ ಅವಳನ್ನು ಹಿಡಿದಿತ್ತು. ನನ್ನನ್ನು ಹಿಂದಿನವನು ಹಿಡಿದಿದ್ದ, ಅವನನ್ನು ಅವನ ಹಿಂದಿನವನು.

"ಬಿಡೋ!" ಎಂದು ಕೂಗಿದರು.

ನಾನು ಬಿಡಲಿಲ್ಲ.

"ಬಿಡೋ ಮಹಾವೀರಾ! ಹುಡುಗಿ ಸಾಯಾಕತ್ತಾಳೋ! ಬಿಡ್ರೋ ಎಲ್ಲಾರೂ!"

ಒಬ್ಬನೂ ಬಿಡಲಿಲ್ಲ. ಅವರು ಒಂದು ಕೈಯಿಂದ ಅವಳನ್ನು ತಬ್ಬಿ ಹಿಡಿದು, ಇನ್ನೊಂದು ಕೈ ಬೀಸಿ ನನ್ನ ಕೆನ್ನೆಗೆ ಹೊಡೆದರು. ಪೆಟ್ಟು ಬಿದ್ದ ಕೂಡಲೇ ನನ್ನ ಮುಷ್ಟಿ ಇನ್ನಷ್ಟು ಬಿಗಿಯಾಯಿತು. ಅವರು ಮತ್ತೆ ಹೊಡೆದರು, ನಾನು ಮತ್ತೆ ಬಿಗಿದೆ. ಮೂರನೆಯ ಸಲ ಎತ್ತಿದ ಕೈ ಹಾಗೇ ನಿಂತಿತು. ತಾವೇ ಕಲಿಸಿದ್ದು ಅವರಿಗೆ ಆಗ ನೆನಪಾಯಿತು. ಅವರ ಮುಖದಲ್ಲಿ ಅಂಥ ಭಯವನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅವರು ನನ್ನ ಬೆರಳು ಹುಡುಕಿ ಹಿಡಿದರು. ನಡುಬೆರಳನ್ನು ಹಿಂದಕ್ಕೆ ಮಡಚಿದರು. ಕಟಕ್ ಎಂದಿತು. ಉಂಗುರದ ಬೆರಳನ್ನು ಮಡಚಿದರು. ಅದೂ ಕಟಕ್ ಎಂದಿತು. ಮುಷ್ಟಿ ತಾನಾಗಿ ಬಿಚ್ಚಿತು. ಶೋಭಾ ಒದ್ದೆ ಅರಿವೆಯಂತೆ ಮೇಲೆದ್ದು ಗೇಟಿನಾಚೆ ಹೋದಳು, ಒಳಗಿನ ಕಾವಲಿನವರು ಹಿಡಿದುಕೊಂಡರು.

ಅಷ್ಟಕ್ಕೆ ಮುಗಿಯಲಿಲ್ಲ. ಈಗ ಗೇಟಿಗೆ ಒತ್ತುತ್ತಿದ್ದವನು ನಾನು. ವಸ್ತಾದರು ಮೇಲಿನಿಂದ ನಮ್ಮೊಳಗೆ ಧುಮುಕಿದರು. ಗುದ್ದಿದರು, ಒದ್ದರು, ಕಚ್ಚಿದರು. ನನ್ನ ಹಿಂದಿನವನ ಮಣಿಕಟ್ಟು ತಿರುವಿದರು. ಆರನೆಯವನ ಮೂಗು ಒಡೆದರು. ಒಂದೊಂದು ಕೊಂಡಿಯನ್ನು ಬಿಡಿಸುತ್ತ, ಬಿಡಿಸಿದವನನ್ನು ಮುರಿದ ಬೇಲಿಯ ಕಡೆ ಒಗೆಯುತ್ತ ಹಿಂದೆ ಹಿಂದೆ ಹೋದರು. ಬಾಯಲ್ಲಿ ಒಂದೇ ಮಾತು, "ಬಿಡ್ರೋ, ನಿಮ್ಮ ಕಾಲ ಬೀಳ್ತೀನಿ ಬಿಡ್ರೋ." ಪಕ್ಕಕ್ಕೆ ದಾರಿಯಾಯಿತು. ನನ್ನ ಎದೆಗೆ ಗಾಳಿ ಬಂತು. ಪೊಲೀಸರು ಬಂದಾಗ ಅವರಿಗೆ ಕಂಡದ್ದು ಮುದುಕನೊಬ್ಬ ಹುಡುಗರನ್ನು ಸಾಯಬಡಿಯುತ್ತಿರುವುದು. ಲಾಠಿ ಬೀಸಿದರು. ವಸ್ತಾದರ ತಲೆ ಒಡೆಯಿತು. ಆದರೂ ಕೊನೆಯ ಕೊಂಡಿ ಬಿಚ್ಚುವವರೆಗೆ ಅವರು ನಿಲ್ಲಲಿಲ್ಲ.

ಯಾರೂ ಸಾಯಲಿಲ್ಲ. ಇಪ್ಪತ್ತೆರಡೂ ಜನ ಮನೆಗೆ ಹೋದೆವು. ಶೋಭಾಳ ಮೂರು ಪಕ್ಕೆಲುಬು ಮುರಿದಿದ್ದವು. ಆಸ್ಪತ್ರೆಯ ವರಾಂಡಕ್ಕೆ ಅವಳ ಅಪ್ಪ ಬಂದಾಗ ವಸ್ತಾದರು ತಲೆಗೆ ಸುತ್ತಿದ್ದ ಪಟ್ಟಿಯಿಂದ ರಕ್ತ ಜಿನುಗುತ್ತಿದ್ದರೂ ಎದ್ದು ನಿಂತರು.

"ಅಣ್ಣಾರ, ಹೆಂಗ ಒಯ್ದಿದ್ನೋ ಹಂಗ ತರಲಿಲ್ಲ. ಹೊಡೀರಿ ನನ್ನ."

"ಜೀವಂತ ತಂದೀರಲ್ರೀ," ಅಂದರು ಅವರು. "ಕುಂದರ್ರಿ. ಚಾ ತರಸ್ತೀನಿ." ಆ ಚಹಾ ವಸ್ತಾದರ ಕೈಯಲ್ಲೇ ಆರಿತು. ಅವರು ಹೊಡೆದಿದ್ದರೆ ಇವರು ಕುಡಿಯುತ್ತಿದ್ದರೇನೋ.

ನನ್ನ ಎರಡು ಬೆರಳು ಕೂಡಿದವು, ಮಡಚಲು ಬರಲಿಲ್ಲ. ತಂತಿಯ ಮೇಲೆ ಇಡಬೇಕಾದ ಬೆರಳುಗಳೇ ಅವು. ಗಿಟಾರು ಮಾರಿದೆ, ಅಪ್ಪನ ಅಂಗಡಿಯಲ್ಲಿ ಕೂತೆ. ಶೋಭಾ ಈಗ ಪ್ರೈಮರಿ ಸಾಲಿಯಲ್ಲಿ ಮೇಡಮ್ಮು. ಪುಸ್ತಕಕ್ಕೆ ಬಂದಾಗಲೆಲ್ಲ ನನ್ನ ಕೈ ನೋಡಿ ಮಾತು ಮರೆಯುತ್ತಾಳೆ. ನಾನೂ ಅವಳ ಮುಖ ನೋಡುವುದಿಲ್ಲ. ಮುರಿದ ಬೆರಳಿಗೆ ಅವಳು ನನಗೆ ಥ್ಯಾಂಕ್ಸ್ ಹೇಳಬೇಕೋ, ಬಿಡದೆ ಹಿಡಿದದ್ದಕ್ಕೆ ನಾನು ಅವಳ ಕ್ಷಮೆ ಕೇಳಬೇಕೋ, ಇಬ್ಬರಿಗೂ ಬಗೆಹರಿದಿಲ್ಲ.

ಖಾನಾಪುರದಿಂದ ಬಂದವರು ಒಂದು ಸುದ್ದಿ ಮಾತ್ರ ತಪ್ಪದೆ ತರುತ್ತಿದ್ದರು. ವಸ್ತಾದರು ಬೀಸಿಸಲು ಬಂದವರಿಗೆಲ್ಲ ಹೇಳುತ್ತಾರಂತೆ, "ನಮ್ಮ ಹುಡುಗೂರು ಅಂದ್ರ ಹುಡುಗೂರು. ಎಲುಬು ಮುರದ್ರೂ ಕೈ ಬಿಡಲಿಲ್ಲ. ಅಂಥಾ ಎದಿ!" ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆರು ವರ್ಷ ಅತ್ತ ಕಾಲಿಡಲಿಲ್ಲ. ಸಿಟ್ಟು ಬೆರಳಿನದಲ್ಲ. ಆ ಹೊಗಳಿಕೆಯದು.

ಈ ಮಳೆಗಾಲದ ಮೊದಲಿಗೆ ಅವರ ಹೆಂಡತಿ, ನಮ್ಮೆಲ್ಲರ ಕಾಕು, ಫೋನು ಮಾಡಿದರು. "ಹಾಸಗಿ ಹಿಡದಾರಪಾ. ನಿನ್ನ ಭಾಳ ನೆನಸ್ತಾರ. ಒಂದ ಸಲ ಬಂದ ಹೋಗು." ಹೋದೆ. ಬಾಗಿಲಿನಷ್ಟು ಅಗಲವಿದ್ದ ಆಳು ಮಂಚದ ಮೂಲೆಗೆ ಸೇರಿದ್ದರು. ಮೊದಲು ನನ್ನ ಎಡಗೈ ಕೇಳಿ ತೆಗೆದುಕೊಂಡರು. ಆ ಎರಡು ಬೆರಳನ್ನು ಹೆಬ್ಬೆರಳಿನಿಂದ ಸವರಿದರು.

"ನೂಸತಾವೇನೋ?"

"ಥಂಡಿಗೆ ನೂಸತಾವ್ರಿ."

ಆಮೇಲೆ ನನ್ನನ್ನೇ ನೋಡುತ್ತ ಕೇಳಿದರು, "ಅವತ್ತ ನಾ ಅಷ್ಟ ಒದರಿದೆ. ಯಾಕ ಬಿಡಲಿಲ್ಲೋ?"

ಕುಸ್ತಿ ಮುಗಿದ ಮೇಲೆ ಪಂಚರು ಕೈ ಎತ್ತಲಿ ಎಂದು ಕಾಯುವವನ ಮುಖ ಅದು. ಅವರಿಗೆ ಏನು ಕೇಳಬೇಕಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಿಮ್ಮ ಮೇಲಿನ ನಂಬಿಕೆಗೆ ಬಿಡಲಿಲ್ಲ ಅಂದಿದ್ದರೆ ಆ ಜೀವ ತಣ್ಣಗಾಗುತ್ತಿತ್ತು. ಒಂದು ಸುಳ್ಳು, ಸಾಯುವ ಮನುಷ್ಯನಿಗೆ. ಬಾಯಿಗೆ ಬರಲಿಲ್ಲ.

"ಹೆದರಿ ಬಿಡಲಿಲ್ಲರೀ," ಅಂದೆ.

"ಗದ್ದಲಕ್ಕ?"

"ಅಲ್ರೀ. ನಿಮಗ. ಬಿಟ್ರ ಹೊಡೀತೀರಂತ."

ಅವರ ಹೆಬ್ಬೆರಳು ನಿಂತಿತು. "ಹುಡುಗಿ ಸಾಯಾಕತ್ತಿದ್ಲಲ್ಲೋ."

"ಗೊತ್ತಿತ್ರೀ. ನನ್ನ ಕಣ್ಣ ಮುಂದನ ಇತ್ರೀ. ಆದರೂ ನಿಮ್ಮ ಕೈಯ ಅಂಜಿಕಿ ಹೆಚ್ಚ ಇತ್ರೀ."

ಅವರು ನನ್ನ ಕೈ ಬಿಟ್ಟರು. ಗೋಡೆಯ ಕಡೆ ಮುಖ ತಿರುಗಿಸಿದರು. ಕಾಕು ತಂದ ಚಹಾ ಕುಡಿದೆ, ಮಳೆ, ಗಾಡಿಯ ಹೊತ್ತು, ಅದು ಇದು ಮಾತಾಡಿದೆ. ಹೇಳಬಾರದಿತ್ತು, ಹೇಳಿಬಿಟ್ಟೆ. ಹೊರಡುವಾಗ ಎಂದಿನಂತೆ ಕಾಲು ಮುಟ್ಟಲು ಬಗ್ಗಿದೆ.

ಅವರು ಎರಡೂ ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು ದುಪ್ಪಟಿಯೊಳಗೆ ಮುಚ್ಚಿಟ್ಟುಕೊಂಡರು.

"ಬ್ಯಾಡೋ," ಅಂದರು.